ಗಂಟಲು ಸೋಂಕು ಕ್ಯಾನ್ಸರ್ ಆಗುತ್ತಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ವರ್ಷಕ್ಕೆ ಮೂರ್ನಾಲ್ಕು ಸಲ ಗಂಟಲು ಕೆಡುತ್ತದೆ. ಬ್ಯಾಕ್ಟೀರಿಯಾದಿಂದ ಗಂಟಲು ಕ್ಯಾನ್ಸರ್ ಬರುತ್ತದೆ ಎಂದು ಓದಿದೆ. ಮುಂಜಾಗ್ರತೆಗೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಲಾ?

ಬೇಡ. ಈ ಪ್ರಶ್ನೆ ಬೇರೆ ಬೇರೆ ಹೆಸರಲ್ಲಿ ಬರುತ್ತಲೇ ಇದೆ. ಅದಕ್ಕೇ ಈ ಸಲ ಜಾಗವೆಲ್ಲ ಇದಕ್ಕೆ.

ಹೀಗೆ ಬಂದು ಹೋಗುವ ಗಂಟಲು ನೋವು ಹೆಚ್ಚಾಗಿ ವೈರಸ್‌ನದು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ್ದಾದರೆ ಔಷಧಿ ಬೇಕು ನಿಜ. ಅದು ರುಮ್ಯಾಟಿಕ್ ಜ್ವರ ತಂದು ಹೃದಯದ ಕವಾಟ ಕೆಡಿಸಬಹುದು ಎಂಬ ಭಯಕ್ಕೆ, ಕ್ಯಾನ್ಸರ್ ಭಯಕ್ಕಲ್ಲ.

ಈ ಸುದ್ದಿ ಹುಟ್ಟಿದ್ದು ಹೊಟ್ಟೆಯಲ್ಲಿ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದ ಕ್ಯಾನ್ಸರ್‌ಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ಆ್ಯಸಿಡ್ ಗಂಟಲಿಗೆ ಏರುತ್ತದೆ, ಬ್ಯಾಕ್ಟೀರಿಯಾನೂ ಏರಬಹುದಲ್ವಾ ಎಂದು ಸಂಶೋಧಕರು ಹುಡುಕಿದರು. ಧ್ವನಿಪೆಟ್ಟಿಗೆ ಕ್ಯಾನ್ಸರ್ ಇದ್ದವರಲ್ಲಿ ಕೆಲವು ಅಧ್ಯಯನಗಳಿಗೆ ಅದು ಜಾಸ್ತಿ ಕಂಡಿತು, ಕೆಲವಕ್ಕೆ ಕಾಣಲಿಲ್ಲ. ವಸಡಿನಲ್ಲಿರುವ ಫ್ಯೂಸೋಬ್ಯಾಕ್ಟೀರಿಯಂ ಕೂಡ ಬಾಯಿ, ಗಂಟಲಿನ ಗಡ್ಡೆಗಳಲ್ಲಿ ಸಿಕ್ಕಿದೆ. ಆದರೆ ಗಡ್ಡೆಯೊಳಗೆ ಆಮ್ಲಜನಕ ಕಮ್ಮಿ, ಸತ್ತ ಕೋಶ ಜಾಸ್ತಿ. ಇಂಥ ಬ್ಯಾಕ್ಟೀರಿಯಾಕ್ಕೆ ಅದು ಹಬ್ಬ. ಒಣಗಿದ ಕೊರಡಿನ ಮೇಲೆ ಅಣಬೆ ಎದ್ದರೆ ಮರ ಕೊಂದಿದ್ದು ಅಣಬೆಯೇ ಅನ್ನೋಕಾಗುತ್ತಾ?

ಬ್ಯಾಕ್ಟೀರಿಯಾದ ಕೈವಾಡ ಸ್ಪಷ್ಟವಾಗಿ ಕಾಣುವುದು ಕುಡಿತದಲ್ಲಿ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತವೆ. ಅದು ಡಿಎನ್‌ಎ ಹಾಳು ಮಾಡುವ ವಸ್ತು. ಜೊತೆಗೆ ಸಿಗರೇಟೂ ಇದ್ದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಬಿಡಬೇಕಾದ್ದು ಗ್ಲಾಸು ಮತ್ತು ಸಿಗರೇಟು. ಬ್ಯಾಕ್ಟೀರಿಯಾವನ್ನು ಅದರ ಪಾಡಿಗೆ ಬಿಡಿ.

ಟಾನ್ಸಿಲ್ ಮತ್ತು ನಾಲಿಗೆ ಬುಡದ ಕ್ಯಾನ್ಸರ್‌ಗೆ ಕಾರಣವಾಗುವ ಸೋಂಕು ಒಂದಿದೆ, ಎಚ್‌ಪಿವಿ 16. ಅದು ವೈರಸ್. ಆ್ಯಂಟಿಬಯೋಟಿಕ್ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ನನ್ನ ಸಿಟ್ಟಿಗೆ ಕಾರಣ ಬೇರೆ. ಧ್ವನಿ ಒಡೆದು ನಾಲ್ಕು ತಿಂಗಳಾಗಿದ್ದ ಒಬ್ಬರು ಬಂದರು. ಕವರ್ ಬಿಚ್ಚಿ ಮೇಜಿನ ಮೇಲೆ ಸುರಿದರು: ಆ್ಯಂಟಿಬಯೋಟಿಕ್‌ನ ಐದು ಖಾಲಿ ಸ್ಟ್ರಿಪ್. "ಇನ್ಫೆಕ್ಷನ್ ಹೋಗ್ತಾನೇ ಇಲ್ಲ ಡಾಕ್ಟ್ರೇ" ಎಂದರು. ಮೂಗಿನಿಂದ ತೆಳ್ಳನೆ ಕ್ಯಾಮೆರಾ ಇಳಿಸಿದೆ. ಎಡ ಧ್ವನಿತಂತಿನ ಮೇಲೆ ಬೆಳ್ಳಗೆ, ಒರಟಾಗಿ ಒಂದು ಗಂಟು. ನೋಡಲು ಹಿಡಿದಿದ್ದು ಎರಡೇ ನಿಮಿಷ. ನಾಲ್ಕು ತಿಂಗಳಲ್ಲಿ ಯಾರೂ ಒಳಗೆ ಇಣುಕಿರಲಿಲ್ಲ. ಧ್ವನಿತಂತಿನ ಕ್ಯಾನ್ಸರ್ ಶುರುವಿನಲ್ಲೇ ಸಿಕ್ಕರೆ ಬಹುಪಾಲು ಗುಣವಾಗುತ್ತದೆ, ಹೊಟ್ಟೆ ಉರಿಯುವುದು ಅದಕ್ಕೇ.

ಮೂರು ವಾರ ದಾಟಿದ ಗೊಗ್ಗರು ಧ್ವನಿ, ಕರಗದ ಕುತ್ತಿಗೆ ಗಂಟು, ನುಂಗುವಾಗ ಒಂದೇ ಕಡೆ ನೋವು, ಅದೇ ಕಡೆ ಕಿವಿನೋವು. ಇವುಗಳಲ್ಲಿ ಯಾವುದಿದ್ದರೂ ಇನ್ನೊಂದು ಸ್ಟ್ರಿಪ್ ಬೇಡ, ಇಎನ್‌ಟಿ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಉಪ್ಪುನೀರು ಮುಕ್ಕಳಿಸಿದರೆ ಕ್ಯಾನ್ಸರ್ ತಡೆಯಬಹುದಾ?

ಇಲ್ಲ. ಗಂಟಲಿಗೆ ಹಾಯೆನಿಸುತ್ತದೆ, ಅಷ್ಟೇ.

ಪ್ರಶ್ನೆ: ಗಡ್ಡೆಯ ಚೂರು ತೆಗೆದು ಬಯಾಪ್ಸಿ ಮಾಡಿಸಿದರೆ ಅದು ಹರಡುತ್ತದಂತೆ. ಪುಡಿ ಕೊಡುವವರೊಬ್ಬರು ಹೇಳಿದರು.

ಅವರಿಗೆ ಪುಡಿ ಮಾರಬೇಕಿದೆ. ಬಯಾಪ್ಸಿ ಇಲ್ಲದೆ ಕ್ಯಾನ್ಸರ್ ಹೌದು ಅನ್ನಲೂ ಆಗದು, ಅಲ್ಲ ಅನ್ನಲೂ ಆಗದು.

ಪ್ರಶ್ನೆ: ಗಂಟಲಿನ ಫೋಟೋ ಕಳಿಸಿದ್ದೇನೆ. ನೋಡಿ ಹೇಳಿ.

ನಿಮ್ಮ ಮೊಬೈಲಿಗೆ ಕಂಡಿದ್ದು ಕಿರುನಾಲಿಗೆವರೆಗೆ. ಧ್ವನಿಪೆಟ್ಟಿಗೆ ಇನ್ನೂ ಕೆಳಗಿದೆ.