ಇದು ಥಿಯರಿನಾ, ಅಪ್ಲೈಡಾ?

ಓಣಂ ರಜೆ ಹತ್ತಿರ ಬಂದಾಗ ಆಪ್ತಸಲಹೆಗೆಂದು ಕೆಲವು ಕಾಲೇಜು ಮಕ್ಕಳು ನನ್ನಲ್ಲಿಗೆ ಬರುತ್ತಾರೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯವರು. ಸೈಕಾಲಜಿ ಪದವಿಗೆ ಸೇರಿ ಎರಡು ತಿಂಗಳಾಗಿರುತ್ತದೆ, ಬಿಡುವ ಮಾತು ಶುರುವಾಗಿರುತ್ತದೆ. ಈ ಹುಡುಗಿಯದ್ದೂ ಅದೇ ಕಥೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ. ಹತ್ತರವರೆಗೆ ಕನ್ನಡ ಮಾಧ್ಯಮ. ಈಗ ಪುಸ್ತಕ ಇಂಗ್ಲಿಷು, ಪಕ್ಕದ ಬೆಂಚಿನ ಮಾತು ಮಲಯಾಳ.

"ಜನರ ಕಷ್ಟ ಕೇಳಲಿಕ್ಕೆ ಕಲಿಸ್ತಾರೆ ಅಂತ ಗ್ರಹಿಸಿದ್ದೆ ಮೇಡಂ. ಇಲ್ಲಿ ನ್ಯೂರಾನ್ ಚಿತ್ರ ಬಿಡಿಸ್ಬೇಕು, ಲೆಕ್ಕ ಮಾಡ್ಬೇಕು. 1879ರಲ್ಲಿ ವುಂಟ್ ಅನ್ನುವವರು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೈಕಾಲಜಿ ಲ್ಯಾಬ್ ತೆರೆದದ್ದು ಕಟ್ಟಿಕೊಂಡು ನನಗೇನು?"

ಪದವಿ ಬಿಟ್ಟು ಆರು ತಿಂಗಳ ಆನ್‌ಲೈನ್ ಕೌನ್ಸೆಲಿಂಗ್ ಸರ್ಟಿಫಿಕೇಟ್ ಮಾಡುವ ಯೋಚನೆ ಅವಳದ್ದು. ಹಾಗೆ ಮಾಡಿ ಬೋರ್ಡು ಹಾಕಿಕೊಂಡವರ ಹತ್ತಿರ ಹೋಗಿ ಇನ್ನಷ್ಟು ನೊಂದು ಬಂದವರನ್ನು ನಾನು ನೋಡಿದ್ದೇನೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಅದಕ್ಕೆ ಬರೀ ಪದವಿಯೂ ಸಾಲದು.

ಎರಡನೇ ಸಲ ಬಂದಾಗ ಅವಳು ಅಳುತ್ತಿದ್ದಳು. ಒಂಬತ್ತು ವರ್ಷದ ತಮ್ಮ ವಿಷು ರಜೆಯಲ್ಲಿ ಗುಡ್ಡ ಕೊರೆದ ಸುರಂಗದ ನೀರು ಬಂದು ಬೀಳುವ ತೋಟದ ಟ್ಯಾಂಕಿಗೆ ಜಾರಿ ಬಿದ್ದಿದ್ದ. ಅಂದಿನಿಂದ ಆ ಕಡೆ ಕಾಲಿಡುವುದಿಲ್ಲ. ಹೆದರಿಕೆ ಬಿಡಿಸುತ್ತೇನೆಂದು ಅಪ್ಪ ಅವನನ್ನು ಎರಡು ಸಲ ಎತ್ತಿ ನೀರಿಗೆ ಇಳಿಸಿದ್ದರು. ಈಗ ಅವನು ಅಂಗಳವನ್ನೇ ದಾಟುತ್ತಿರಲಿಲ್ಲ.

"ನಾನು ಎಷ್ಟು ಧೈರ್ಯ ಹೇಳಿದ್ರೂ ಆಗಲಿಲ್ಲ. ನಾನು ಓದುವುದು ನನ್ನ ತಮ್ಮನಿಗೇ ಉಪಯೋಗ ಇಲ್ಲ."

ಬ್ಯಾಗಿನಲ್ಲಿದ್ದ ಪುಸ್ತಕ ತೆಗೆಸಿದೆ. ಕಲಿಕೆಯ ಪಾಠ ತೆರೆದು, ಒಂದೊಂದು ವಾಕ್ಯ ಓದಿ ಕನ್ನಡದಲ್ಲಿ ಹೇಳು ಎಂದೆ. ನಿಧಾನವಾಗಿ ಹೇಳಿದಳು. 1920ರಲ್ಲಿ ವಾಟ್ಸನ್ ಮತ್ತು ರೇನರ್ ಎಂಬ ಸಂಶೋಧಕರು ಒಂದು ಪುಟ್ಟ ಮಗುವಿಗೆ ಬಿಳಿ ಇಲಿ ತೋರಿಸಿ, ಅದೇ ಹೊತ್ತಿಗೆ ಕಬ್ಬಿಣದ ಸರಳನ್ನು ಢಣ್ ಎಂದು ಬಡಿದರು. ಮಗು ಇಲಿಗೇ ಹೆದರಲು ಕಲಿಯಿತು. 1924ರಲ್ಲಿ ಮೇರಿ ಕವರ್ ಜೋನ್ಸ್ ಇದರ ಉಲ್ಟಾ ಮಾಡಿದರು. ಮೊಲಕ್ಕೆ ಹೆದರುವ ಪೀಟರ್ ಎಂಬ ಮಗು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿ ಇಟ್ಟರು. ಅವನು ಸಹಿಸಿದಷ್ಟೇ ಹತ್ತಿರ ತಂದರು. ಹೆದರಿಕೆ ಇಲ್ಲದ ಬೇರೆ ಮಕ್ಕಳನ್ನೂ ಅವನ ಜೊತೆ ಆಡಲು ಬಿಟ್ಟಿದ್ದರು.

ಅವಳು ಓದು ನಿಲ್ಲಿಸಿದಳು. ಸುಮಾರು ಹೊತ್ತು ಸುಮ್ಮನಿದ್ದಳು.

"ಮೇಡಂ, ಇದು ಥಿಯರಿನಾ, ಅಪ್ಲೈಡಾ?"

ಇಷ್ಟು ವರ್ಷದಲ್ಲಿ ನನ್ನ ಕೋಣೆಯಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ. ಪೀಟರನ ಮೊಲದ ದಾರಿಯಲ್ಲೇ ಮುಂದೆ ವೋಲ್ಪೆ ಎಂಬ ವೈದ್ಯರು ಹೆದರಿಕೆಗೆ ಹಂತ ಹಂತದ ಚಿಕಿತ್ಸೆ ರೂಪಿಸಿದರು. ಲ್ಯಾಬಿನಲ್ಲಿ ಹುಟ್ಟಿದ್ದು ಆಸ್ಪತ್ರೆಗೆ ಬಂತು.

ಅಂದು ನಾನು ನೇರವಾಗಿ ಹೇಳಿದೆ: ಪದವಿ ಬಿಡಬೇಡ. ಆಪ್ತಸಲಹೆಗಾರರು ಹೀಗೆ ತೀರ್ಮಾನ ಕೊಡಬಾರದು ಎಂದು ಗೆಳತಿಯೊಬ್ಬರು ಆಕ್ಷೇಪಿಸಿದರು. ಸಾಮಾನ್ಯವಾಗಿ ನಾನೂ ಕೊಡುವುದಿಲ್ಲ. ಆದರೆ ಅವಳಿಗೆ ಬೇಜಾರು ಬಂದದ್ದು ಭಾಷೆಯ ಮೇಲೆ, ವಿಷಯದ ಮೇಲೆ ಅಲ್ಲ. ಅದು ಕಣ್ಣಿಗೆ ಕಂಡ ಮೇಲೂ ಸುಮ್ನೆ ಕೂರುವುದು ನನಗೆ ಸರಿ ಅನಿಸಲಿಲ್ಲ. ವಾರಕ್ಕೆ ಒಂದು ಪಾಠವನ್ನು ಮನೆಮಾತಿನಲ್ಲಿ ಅಮ್ಮನಿಗೆ ಹೇಳು, ಅಮ್ಮನಿಗೆ ಅರ್ಥವಾಗದಿದ್ದರೆ ನಿನಗೂ ಆಗಿಲ್ಲ ಅಂತ ತಿಳಿ ಎಂದೆ.

ತಮ್ಮನ ವಿಷಯದಲ್ಲಿ ಗಟ್ಟಿಯಾಗಿಯೇ ಹೇಳಿದೆ. ನೀನು ಅವನ ಅಕ್ಕ, ಚಿಕಿತ್ಸೆ ಕೊಡುವವಳಲ್ಲ. ಅಪ್ಪ ನೀರಿಗೆ ಇಳಿಸುವುದು ಇಂದೇ ನಿಲ್ಲಬೇಕು. ನಿದ್ದೆ, ಶಾಲೆ ಕೆಟ್ಟರೆ ಡಾಕ್ಟರ ಹತ್ತಿರ ಹೋಗಬೇಕು. ಅವನಿಗೆ ಮನಸ್ಸಿದ್ದರೆ ಮಾತ್ರ ದೂರದ ಕಟ್ಟೆಯಲ್ಲಿ ಜೊತೆಗೆ ಕೂತು ಹಲಸಿನ ಹಪ್ಪಳ ತಿನ್ನಬಹುದು.

ದೀಪಾವಳಿ ಕಳೆದು ಬಂದಳು. ತಮ್ಮ ಟ್ಯಾಂಕಿನ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದನಂತೆ. ಖುಷಿಯಲ್ಲಿ ಹೇಳುತ್ತಾ ಹೇಳುತ್ತಾ ಹುಬ್ಬು ಗಂಟಿಕ್ಕಿದಳು.

"ಆದ್ರೆ ಮೇಡಂ, ಹಬ್ಬಕ್ಕೆ ಚಿಕ್ಕಪ್ಪನ ಮಕ್ಕಳೂ ಬಂದಿದ್ರು, ಅಲ್ಲೇ ಮೀಯ್ತಾ ಇದ್ರು. ಹಪ್ಪಳದಿಂದ ಹೆದರಿಕೆ ಹೋಯ್ತಾ, ಅವರನ್ನು ನೋಡಿ ಹೋಯ್ತಾ, ಸುಮ್ನೆ ದಿನ ಕಳೆದದ್ದಕ್ಕೆ ಹೋಯ್ತಾ? ಗೊತ್ತಾಗುವುದು ಹೇಗೆ?"

ಸ್ಟ್ಯಾಟಿಸ್ಟಿಕ್ಸ್ ಪುಸ್ತಕವನ್ನು ಅವಳೇ ಹೊರಗೆ ತೆಗೆದಳು. ಕಂಟ್ರೋಲ್ ಗ್ರೂಪಿನ, ಅಂದರೆ ಚಿಕಿತ್ಸೆ ಕೊಡದೆ ಹೋಲಿಕೆಗೆಂದು ಇಡುವ ಗುಂಪಿನ ಪುಟದಲ್ಲಿ ಆಗಲೇ ಪೆನ್ಸಿಲಿನ ಗೆರೆಗಳಿದ್ದವು.