ಒಗೆದ ಕೂಡಲೇ ಚಪ್ಪಟೆ ಆಗುವ ಗುಳ್ಳೆಗಳು

ಪ್ರಶ್ನೆ: ಮೇಡಂ, ನಾನು ಕಾಪುವಿನವಳು. ಟೈಲರಿಂಗ್ ಡಿಪ್ಲೊಮಾ ಮುಗಿಸಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಬಟ್ಟೆಯನ್ನು ಮಡಚಿ, ಸುಕ್ಕುಗಟ್ಟಿಸಿ, ಗುಳ್ಳೆ ಎಬ್ಬಿಸಿ ಬೇರೆಯೇ ರೂಪ ಕೊಡುತ್ತಾರಲ್ಲ, ಆ ಫ್ಯಾಬ್ರಿಕ್ ಮ್ಯಾನಿಪ್ಯುಲೇಶನ್ ಕಲಿಯುವ ಆಸೆ. ವಿಡಿಯೋ ನೋಡಿ ಕಾಟನ್ ಬಟ್ಟೆಗೆ ಗೋಲಿ ಕಟ್ಟಿ ಕುದಿಸಿದೆ. ಬಿಚ್ಚಿದಾಗ ಗುಳ್ಳೆಗಳು ಚೆಂದ ಎದ್ದಿದ್ದವು. ಒಗೆದ ಮೇಲೆ ಏನೂ ಇಲ್ಲ. ಎಲ್ಲಿ ತಪ್ಪಿದೆ? ಇದನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕಾ?

ಉತ್ತರ: ನಿಮ್ಮ ಕೈ ತಪ್ಪಿಲ್ಲ, ಬಟ್ಟೆ ತಪ್ಪಿದೆ. ವಿಡಿಯೋದಲ್ಲಿ ಇದ್ದದ್ದು ಪಾಲಿಯೆಸ್ಟರ್ ಇರಬೇಕು, ಅದನ್ನು ಹೇಳಲು ಅವರು ಮರೆತಿರಬೇಕು.

ಇಸ್ತ್ರಿ ಹಾಕಿದ ಕಾಟನ್ ಸೀರೆ ಉಟ್ಟು ಜುಲೈ ತಿಂಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ನೆರಿಗೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಕಾಟನ್ ಎಳೆಯ ಮಡಿಕೆ ನೀರಿಗೆ ಸಡಿಲವಾಗುತ್ತದೆ, ಒಣಗುವಾಗ ಹೇಗಿತ್ತೋ ಹಾಗೆ ನಿಲ್ಲುತ್ತದೆ. ನೀವು ಗೋಲಿ ಕಟ್ಟಿ ಒಣಗಿಸಿದಿರಿ, ಗುಳ್ಳೆ ನಿಂತಿತು. ಮತ್ತೆ ನೆನೆಸಿದಿರಿ, ಹೋಯಿತು. ಅಷ್ಟೇ ಕಥೆ. ಗಂಜಿ ಹಾಕಿದರೂ ಮುಂದಿನ ಒಗೆತದವರೆಗೆ ಮಾತ್ರ. ಹಾಕುವುದಾದರೆ ಬೆಳ್ತಿಗೆ ಅಕ್ಕಿಯ ಗಂಜಿ ಹಾಕಿ. ಕುಚ್ಚಲಕ್ಕಿಯದು ಬಿಳಿ ಬಟ್ಟೆಯನ್ನು ಸ್ವಲ್ಪ ಕೆಂಪು ಮಾಡುತ್ತದೆ.

ಪಾಲಿಯೆಸ್ಟರ್ ಹಾಗಲ್ಲ. ಅದು ಒಂದು ಬಗೆಯ ಪ್ಲಾಸ್ಟಿಕ್ಕೇ. ಸುಮಾರು 70-80 ಡಿಗ್ರಿ ದಾಟಿದರೆ ಒಳಗಿಂದ ಮೆದುವಾಗುತ್ತದೆ, ತಣ್ಣಗಾಗುವಾಗ ಯಾವ ಆಕಾರದಲ್ಲಿ ಇತ್ತೋ ಅದನ್ನೇ ಹಿಡಿದುಕೊಳ್ಳುತ್ತದೆ. ಕರಗುವುದು 250 ಡಿಗ್ರಿಯ ಆಚೆ. ಹಾಗಾಗಿ ಮನೆಯ ಹಬೆಯೂ ಕೆಲಸ ಮಾಡುತ್ತದೆ. ಕಾರ್ಖಾನೆಯವರು ಇನ್ನೂ ಹೆಚ್ಚು ಬಿಸಿ ಕೊಡುತ್ತಾರೆ, ಅದಕ್ಕೇ ಅವರ ನೆರಿಗೆ ಜಾಸ್ತಿ ಗಟ್ಟಿ. ನಿಮ್ಮದು ತಣ್ಣೀರಿನ ಒಗೆತ ತಡೆದೀತು, ಇಸ್ತ್ರಿಪೆಟ್ಟಿಗೆ ತಡೆಯಲಾರದು.

ಮಾಡುವ ಕ್ರಮ ಹೀಗೆ. ತೆಳು ಪಾಲಿಯೆಸ್ಟರ್ ಜಾರ್ಜೆಟ್ ಅಥವಾ ಆರ್ಗಂಜಾ ಒಂದು ಅಡಿ ಚೌಕ ತೆಗೆದುಕೊಳ್ಳಿ. ಗೋಲಿಯನ್ನು ಒಳಗಿಟ್ಟು ಬುಡದಲ್ಲಿ ನಾಲ್ಕೈದು ಸುತ್ತು ದಾರ ಬಿಗಿಯಿರಿ. ದಾರ ಕಾಟನ್ನಿನದೇ ಆಗಲಿ. ಗೋಲಿಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಡಿ. ಇಡ್ಲಿ ಪಾತ್ರೆಯಲ್ಲಿ ನೀರು ತಾಗದಂತೆ ಇಟ್ಟು 40 ನಿಮಿಷ ಹಬೆ ಕೊಡಿ. ಆಮೇಲೆ ಕೆಳಗಿಳಿಸಿ, ರಾತ್ರಿಯಿಡೀ ಹಾಗೇ ಬಿಡಿ.

ಈ ಕೊನೆಯ ಮಾತನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕಲಿಯುವ ದಿನಗಳಲ್ಲಿ ಮರುದಿನ ತೋರಿಸಬೇಕಿದ್ದ ಒಂದು ಸ್ಯಾಂಪಲನ್ನು ಬಿಸಿ ಇರುವಾಗಲೇ ಬಿಚ್ಚಿದೆ. ಒಂದೂವರೆ ಗಂಟೆ ಕೂತು ಕಟ್ಟಿದ ಅರುವತ್ತು ಗೋಲಿ. ಮೊದಲ ನಾಲ್ಕು ಗುಳ್ಳೆ ನನ್ನ ಕಣ್ಣೆದುರೇ ನಿಧಾನಕ್ಕೆ ಕುಗ್ಗಿ ಮಲಗಿದವು, ಓಡು ದೋಸೆ ಕಾವಲಿಯಿಂದ ಎತ್ತಿದ ಮೇಲೆ ಉಬ್ಬು ಇಳಿಯುವ ಹಾಗೆ. ಆಕಾರ ನಿಲ್ಲುವುದು ಬಿಸಿಯಲ್ಲಿ ಅಲ್ಲ, ತಣಿಯುವುದರಲ್ಲಿ. ಉಳಿದ ಐವತ್ತಾರನ್ನು ಹಾಗೇ ಬಿಟ್ಟು ಬೆಳಿಗ್ಗೆ ಬಿಚ್ಚಿದೆ, ಎಲ್ಲವೂ ಗಟ್ಟಿಯಾಗಿ ನಿಂತಿದ್ದವು.

ಇನ್ನೊಮ್ಮೆ ಗೋಲಿ ಸಾಲದೆ ರೇಷ್ಮೆ ತುಂಡಿಗೆ ಚಾಲಿ ಅಡಿಕೆ ಕಟ್ಟಿದ್ದೆ. ಹಬೆಗೆ ಚೊಗರು ಇಳಿದು ಪ್ರತಿ ಗುಳ್ಳೆಯ ತುದಿಗೂ ಕಂದು ಬೊಟ್ಟು. ಆ ಸ್ಯಾಂಪಲ್ ಇವತ್ತಿಗೂ ನನ್ನ ಹತ್ತಿರ ಇದೆ. ಯಾರು ನೋಡಿದರೂ ಬೇಕೆಂದೇ ಮಾಡಿದ್ದು ಅಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ.

ರೇಷ್ಮೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ವೆನಿಸ್‌ನಲ್ಲಿ ಮರಿಯಾನೊ ಫಾರ್ಚೂನಿ ಎಂಬ ವಸ್ತ್ರವಿನ್ಯಾಸಕ 1907ರ ಸುಮಾರಿಗೆ ರೇಷ್ಮೆಯಲ್ಲಿ ಸಣ್ಣ ಸಣ್ಣ ನೆರಿಗೆಯ ಡೆಲ್ಫೋಸ್ ಗೌನ್ ಮಾಡಿದ. ಅದನ್ನು ಹಗ್ಗದ ಹಾಗೆ ಹೊಸೆದು, ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಇಡಬೇಕಿತ್ತು. ನೀರು ಬಿದ್ದು ನೆರಿಗೆ ಹೋದರೆ ಅವನ ಹತ್ತಿರವೇ ಕಳಿಸಬೇಕಿತ್ತು. ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ 1993ರಲ್ಲಿ 'ಪ್ಲೀಟ್ಸ್ ಪ್ಲೀಸ್' ಎಂಬ ನೆರಿಗೆ ಉಡುಪುಗಳನ್ನು ತಂದಾಗ ಪಾಲಿಯೆಸ್ಟರ್ ಹಿಡಿದ. ಅದರ ಬಟ್ಟೆಗಳನ್ನು ಸುಮ್ನೆ ಒಗೆದು ಹಾಕಬಹುದು, ಇಸ್ತ್ರಿ ಬೇಡ. ಇನ್ನೊಂದು ಜಾಣತನ ನೋಡಿ: ಅಲ್ಲಿ ಮೊದಲು ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಕತ್ತರಿಸಿ ಹೊಲಿದು, ಆಮೇಲೆ ಇಡೀ ಉಡುಪನ್ನು ಕಾಗದಗಳ ನಡುವೆ ಇಟ್ಟು ನೆರಿಗೆ ಹಾಕುತ್ತಾರೆ. ನಾವು ಮಾಡುವುದು ಉಲ್ಟಾ, ಅಲ್ವಾ?

ಹಾಗಾದರೆ ಕಾಟನ್ನಿಗೆ ಏನು ದಾರಿ? ದಾರವೇ ದಾರಿ. ಬಿಸಿ ಹಿಡಿಯದ ಬಟ್ಟೆಯನ್ನು ಹೊಲಿಗೆ ಹಿಡಿಯಬೇಕು. ಪಿನ್‌ಟಕ್ಸ್ ನಿಮಗೆ ಗೊತ್ತೇ ಇರುತ್ತದೆ, ಸಾಲಾಗಿ ಸಣ್ಣ ಮಡಿಕೆ ಹಾಕಿ ಹೊಲಿಯುವುದು. ಅದರ ಮುಂದಿನದು ಸ್ಮಾಕಿಂಗ್. ಬಟ್ಟೆಯ ಹಿಂಬದಿಯಲ್ಲಿ ಒಂದು ಇಂಚಿಗೊಂದರಂತೆ ಚುಕ್ಕಿ ಇಡಿ, ರಂಗೋಲಿಗೆ ಇಟ್ಟ ಹಾಗೆ. ಒಂದನೇ ಮತ್ತು ಎರಡನೇ ಚುಕ್ಕಿಯನ್ನು ಸೂಜಿಯಲ್ಲಿ ಚೂರೇ ಎತ್ತಿ, ಸೇರಿಸಿ ಎಳೆದು ಗಂಟು ಹಾಕಿ. ಅಲ್ಲಿಂದ ಮುಂದಿನ ಜೋಡಿಗೆ ಹೋಗುವಾಗ ಮಾತ್ರ ದಾರ ಎಳೆಯಬಾರದು, ಬಟ್ಟೆ ಸಪಾಟಾಗಿ ಇರಬೇಕು. ಒಂದು ಕಡೆ ಎಳೆದದ್ದು, ಒಂದು ಕಡೆ ಬಿಟ್ಟದ್ದು, ಇವೆರಡು ಸೇರಿಯೇ ಮುಂಬದಿಯಲ್ಲಿ ಚಾಪೆಯ ಹೆಣಿಗೆಯಂಥ ವಿನ್ಯಾಸ ಏಳುತ್ತದೆ. ಅರ್ಧ ಆಗುವವರೆಗೆ ಬರೇ ಗಲೀಜು ಕಾಣುತ್ತದೆ. ಅಲ್ಲಿಗೇ ಬಿಸಾಡಬೇಡಿ.

ಉಡುಪಿ ಸೀರೆಯ ಬಟ್ಟೆ ಇದಕ್ಕೆ ಬಲು ಚೆಂದ, ತೆಳು, ಮೆದು. ಆದರೆ ಕೈಮಗ್ಗದ ಹೊಸ ಸೀರೆಗೆ ಕತ್ತರಿ ಹಾಕಬೇಡಿ ಮಾರಾಯ್ರೆ. ಕಿನ್ನಿಗೋಳಿ ಕಡೆ ನೇಕಾರರು ಅದನ್ನು ಎಷ್ಟು ಕಷ್ಟದಲ್ಲಿ ಉಳಿಸಿಕೊಂಡಿದ್ದಾರೆಂದು ನೋಡಿದವರಿಗೆ ಮನಸ್ಸು ಬಾರದು. ಅಜ್ಜಿಯ ಹರಿದ ಸೀರೆ ಇದ್ದರೆ ಅದೇ ಸಾಕು. ಕೈ ಕುದುರುವವರೆಗೆ ಕೋರಾ ಬಟ್ಟೆ.

ಬಟ್ಟೆ ಯಾವುದೆಂದು ಅಂಗಡಿಯವರ ಮಾತು ನಂಬಿ ಕೂರಬೇಡಿ. ಅಂಚಿನ ನಾಲ್ಕು ಎಳೆ ತೆಗೆದು ಚಿಮುಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಕಾಟನ್ ಕಾಗದದ ಹಾಗೆ ಉರಿದು ಹುಡಿ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಮುದುಡಿ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಮಣಿಯೂ ಇದೆ, ಬೂದಿಯೂ ಇದೆ ಅಂದರೆ ಮಿಕ್ಸ್. ಬಿಸಿ ಇರುವಾಗ ಆ ಮಣಿಯನ್ನು ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ.

ಬೆಂಗಳೂರಿನ ಪ್ರಶ್ನೆ. ನಿಫ್ಟ್‌ನಂಥ ಫ್ಯಾಶನ್ ಕಾಲೇಜಿನಲ್ಲಿ ಮಗ್ಗ, ಲ್ಯಾಬು, ಬಣ್ಣದ ಕೋಣೆ ಎಲ್ಲ ಒಂದೇ ಕಡೆ ಸಿಗುತ್ತದೆ, ಒಳ್ಳೆಯದೇ. ಆದರೆ ನೀವು ಕೇಳಿದ ಕೆಲಸದ ಮುಕ್ಕಾಲು ಪಾಲಿಗೆ ಬೇಕಾದದ್ದು ಸೂಜಿ, ದಾರ, ಹಬೆ ಮತ್ತು ಒಂದು ದಪ್ಪ ಪುಸ್ತಕ. ವಾರಕ್ಕೆ ಎರಡು ಸ್ಯಾಂಪಲ್ ಮಾಡಿ ಅಂಟಿಸಿ. ಪಕ್ಕದಲ್ಲಿ ಬಟ್ಟೆ ಯಾವುದು, ಮೊದಲು ಎಷ್ಟು ಇಂಚು, ಆಮೇಲೆ ಎಷ್ಟು ಇಂಚು, ಎಷ್ಟು ಹೊತ್ತು, ಒಗೆದ ಮೇಲೆ ಏನಾಯಿತು ಎಂದು ಬರೆಯಿರಿ. ಕೆಟ್ಟದ್ದನ್ನೂ ಅಂಟಿಸಿ. ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ, ಬಟ್ಟೆ ಪೂರ್ತಿ ಒಣಗದೆ ಅಂಟಿಸಬೇಡಿ.

ಮತ್ತೆ, ಮನೆಯಲ್ಲಿ ಅಷ್ಟಮಿಗೆ ಮೂಡೆ ಕಟ್ಟುವವರು ಇದ್ದರೆ ಪಕ್ಕದಲ್ಲಿ ಕೂತು ನೋಡಿ. ಕೇದಗೆ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಚಪ್ಪಟೆ ಎಲೆಯನ್ನು ಸುತ್ತಿ ಹಿಟ್ಟು ಸೋರದ ಕೊಳವೆ ಮಾಡುತ್ತಾರೆ. ಬಾಡಿಸದಿದ್ದರೆ ಎಲೆ ಸೀಳುತ್ತದೆ, ಜಾಸ್ತಿ ಬಾಡಿಸಿದರೆ ನಿಲ್ಲುವುದಿಲ್ಲ. ನಾನು ಮೊದಲ ತರಗತಿಯಲ್ಲಿ ಮಕ್ಕಳಿಗೆ ಬಟ್ಟೆ ಕೊಡುವುದಿಲ್ಲ, ಎಲೆ ಕೊಡುತ್ತೇನೆ.

ಪ್ರಶ್ನೆ: ಸ್ಮಾಕಿಂಗ್ ತೋಳಿಗೆ ಎಷ್ಟು ಬಟ್ಟೆ ಜಾಸ್ತಿ ತೆಗೆದುಕೊಳ್ಳಬೇಕು? ಎರಡು ಸಲ ಬಟ್ಟೆ ಸಾಲದೆ ಗಿರಾಕಿಯ ಹತ್ತಿರ ಬೈಸಿಕೊಂಡೆ. (ಸುರತ್ಕಲ್‌ನಿಂದ)

ಉತ್ತರ: ಎಲ್ಲದಕ್ಕೂ ಒಂದೇ ಲೆಕ್ಕ ಇಲ್ಲ. ಅದೇ ಬಟ್ಟೆಯಲ್ಲಿ, ಅದೇ ಚುಕ್ಕಿಯಲ್ಲಿ 10 ಇಂಚು ಚೌಕದ ಸ್ಯಾಂಪಲ್ ಮಾಡಿ. ಅದು 6 ಇಂಚು ಆಯಿತು ಅನ್ನಿ. ತೋಳಿಗೆ 12 ಬೇಕಾದರೆ 12ನ್ನು 10ರಿಂದ ಗುಣಿಸಿ 6ರಿಂದ ಭಾಗಿಸಿ, 20 ಇಂಚು. ಮೇಲೆ ಹೊಲಿಗೆಗೆ ಎರಡು ಇಂಚು. ಉದ್ದ ಮತ್ತು ಅಗಲ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಬೇರೆ ಬೇರೆ ಅಳೆಯಿರಿ. ಸ್ಮಾಕಿಂಗ್ ಮುಗಿದ ಮೇಲೆಯೇ ತೋಳಿನ ಆಕಾರಕ್ಕೆ ಕತ್ತರಿಸಿ. ಸ್ಯಾಂಪಲಿನ ಬಟ್ಟೆ, ಸಮಯ ಎರಡನ್ನೂ ಬಿಲ್ಲಿಗೆ ಸೇರಿಸಿ.

ಪ್ರಶ್ನೆ: ಕಾಸ್ಟಿಕ್ ಸೋಡಾ ಹಚ್ಚಿ ಕಾಟನ್ ಬಟ್ಟೆಯನ್ನು ಸುಕ್ಕುಗಟ್ಟಿಸಬಹುದಂತೆ, ಹೌದಾ? ಮತ್ತೆ ಇಡ್ಲಿ ಪಾತ್ರೆಯನ್ನು ಅಡುಗೆಗೂ ಬಳಸಬಹುದಾ?

ಉತ್ತರ: ಹೌದು. ಗಾಢ ಕಾಸ್ಟಿಕ್ ತಾಗಿದ ಜಾಗದಲ್ಲಿ ಕಾಟನ್ ಕುಗ್ಗುತ್ತದೆ, ತಾಗದ ಜಾಗ ಉಬ್ಬುತ್ತದೆ. ಒಗೆದರೂ ಹೋಗದ ಸುಕ್ಕು ಅದು. ಆದರೆ ಅದು ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಗ್ಲೌಸ್, ಕನ್ನಡಕ, ಗೊತ್ತಿರುವ ಮೇಷ್ಟ್ರು ಇಲ್ಲದೆ ಬೇಡ. ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಇಡ್ಲಿ ಪಾತ್ರೆಗೂ ಅದೇ ಮಾತು. ಪಾಲಿಯೆಸ್ಟರ್‌ನ ಬಣ್ಣ ಹಬೆಗೆ ಬಿಡುತ್ತದೆ. ಗುಜರಿಯಲ್ಲಿ ಹಳೆಯ ಪಾತ್ರೆ ಒಂದು ಹುಡುಕಿ, ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದಿಡಿ. ನಮ್ಮ ಮನೆಯಲ್ಲಿ ಬಳಿಯದೆ ಇಟ್ಟದ್ದಕ್ಕೆ ಒಂದು ಭಾನುವಾರ ಇಡ್ಲಿ ತಿಳಿ ನೀಲಿ ಆಗಿತ್ತು.