ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಲಾರಿಯ ಹಿಂಬದಿ ಸಸ್ಪೆನ್ಷನ್

ಪ್ರಶ್ನೆ: ನನ್ನದು 18 ವರ್ಷ ಹಳೆಯ ಭಾರಿ ಲಾರಿ, ಹಿಂದೆ ಒಂದೇ ಆಕ್ಸಲ್ ಇದೆ. ಕಳೆದ ಒಂದು ವರ್ಷದಲ್ಲಿ ಹಿಂದಿನ ಎಡ ಸ್ಪ್ರಿಂಗ್ ಸೆಟ್ಟಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಕಟ್ಟು) ಮೈನ್ ಪ್ಲೇಟ್, ಅಂದರೆ ತುದಿಗಳು ಚಾಸಿಸ್ಸಿಗೆ ಸೇರುವ ಉದ್ದದ ಪ್ಲೇಟ್, ಮೂರು ಬಾರಿ ಕಟ್ಟಾಗಿದೆ. ಪ್ರತಿ ಸಲವೂ ಮುರಿದ ಪ್ಲೇಟನ್ನು ಮಾತ್ರ ಬದಲಿಸಿದ್ದೇವೆ. ಇನ್ನೆರಡು ಪ್ಲೇಟ್ ಸೇರಿಸಿ ಸೆಟ್ಟನ್ನು ಗಟ್ಟಿ ಮಾಡೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಒಂದೇ ಬದಿಯ ಅದೇ ಪ್ಲೇಟ್ ವರ್ಷದಲ್ಲಿ ಮೂರು ಬಾರಿ ಮುರಿದಿದೆ ಎಂದರೆ, ದೋಷ ಪ್ಲೇಟಿನಲ್ಲಿ ಇರುವುದಕ್ಕಿಂತ ಅದನ್ನು ಹಿಡಿದುಕೊಂಡಿರುವ ಭಾಗಗಳಲ್ಲಿ ಇರುವ ಸಂಭವವೇ ಹೆಚ್ಚು. ಮುರಿದ ತುಂಡುಗಳನ್ನು ಇನ್ನೂ ಗುಜರಿಗೆ ಹಾಕಿಲ್ಲವಾದರೆ ಅವನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ. ಮುರಿದ ಮುಖದ ಒಂದು ಭಾಗ ಕಪ್ಪಾಗಿ, ತುಕ್ಕು ಕಟ್ಟಿ, ನುಣುಪಾಗಿದ್ದು, ಉಳಿದ ಭಾಗ ಒರಟು ಹರಳುಗಳಂತೆ ಹೊಳೆಯುತ್ತಿದ್ದರೆ, ಬಿರುಕು ಬಹಳ ದಿನಗಳಿಂದ ಬೆಳೆಯುತ್ತಾ ಬಂದು ಕೊನೆಗೊಂದು ದಿನ ಪ್ಲೇಟ್ ಒಮ್ಮೆಲೇ ತುಂಡಾಗಿದೆ ಎಂದು ತಿಳಿಯಬೇಕು.

ಮುರಿದ ಜಾಗ ಅದಕ್ಕಿಂತಲೂ ಮುಖ್ಯ. ಪ್ಲೇಟುಗಳ ನಡುವಿನಲ್ಲಿ ತೂರಿಸಿದ ಸೆಂಟರ್ ಬೋಲ್ಟಿನ ತೂತಿನ ಮೂಲಕವೇ ಮುರಿದಿದ್ದರೆ, ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್‌ಗಳು ಸಡಿಲವಾಗಿದ್ದವು ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಯು-ಬೋಲ್ಟ್ ಹಿಡಿತದ ಅಂಚಿನಲ್ಲಿ ಮುರಿದಿದ್ದರೆ ಹೆಚ್ಚು ಹೊರೆಯನ್ನೂ, ಪ್ಲೇಟಿನ ತುದಿಯ ಸುರುಳಿಯಾದ ಕಣ್ಣಿನ ಬಳಿ ಮುರಿದಿದ್ದರೆ ಅದರೊಳಗಿನ ಸವೆದ ಪಿನ್ನನ್ನೂ, ಪಿನ್ನು ಕೂರುವ ಕೊಳವೆಯಾದ ಬುಶ್ಶನ್ನೂ ಸಂಶಯಿಸಬೇಕು. ಪ್ಲೇಟುಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪುಗಳು ಕಳಚಿ ಹೋಗಿದ್ದರೂ ಮೈನ್ ಪ್ಲೇಟ್ ಬೇಗ ಮುರಿಯುತ್ತದೆ. ಏಕೆಂದರೆ ಗುಂಡಿಗೆ ಬಿದ್ದ ಗಾಲಿ ಕೆಳಕ್ಕೆ ಜೋತಾಗ ಉಳಿದ ಪ್ಲೇಟುಗಳು ಜೊತೆಗೆ ಬರದೆ, ಆಕ್ಸಲ್ಲಿನ ಎಳೆತವೆಲ್ಲ ಅದೊಂದರ ಮೇಲೆಯೇ ಬೀಳುತ್ತದೆ.

ಸೆಂಟರ್ ಬೋಲ್ಟ್ ಇರುವುದು ಪ್ಲೇಟುಗಳನ್ನು ಸಾಲಾಗಿ ನಿಲ್ಲಿಸಿ, ಆಕ್ಸಲ್ಲಿನ ಜಾಗವನ್ನು ಗುರುತಿಸುವುದಕ್ಕೆ ಮಾತ್ರ. ಹೊರೆ ಮತ್ತು ಬ್ರೇಕಿನ ಎಳೆತವನ್ನು ತಡೆದುಕೊಳ್ಳುವುದು ಯು-ಬೋಲ್ಟ್‌ಗಳ ಬಿಗಿತ. ಆ ಬಿಗಿತ ಇರುವವರೆಗೆ ಸೆಟ್ಟಿನ ನಡುಭಾಗ ಒಂದೇ ಗಟ್ಟಿ ದಿಮ್ಮಿಯಂತೆ ವರ್ತಿಸುತ್ತದೆ ಮತ್ತು ತೂತಿರುವ ದುರ್ಬಲ ಜಾಗದಲ್ಲಿ ಬಾಗುವಿಕೆ ಇರುವುದಿಲ್ಲ. ಬಿಗಿತ ತಪ್ಪಿದ ದಿನದಿಂದ ಪ್ಲೇಟ್ ಅಲ್ಲಿಯೇ ಬಾಗತೊಡಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಮುಂದೆ ಬಂದ ಒಂದು ಲಾರಿ ಸದಾ ಒಂದೇ ಕಡೆಗೆ ಎಳೆಯುತ್ತಿತ್ತು. ಸ್ಟೀರಿಂಗಿನ ಜಾಯಿಂಟುಗಳನ್ನೂ ಮುಂದಿನ ಟೈರುಗಳನ್ನೂ ಆಗಲೇ ಬದಲಿಸಿ ಆಗಿತ್ತು. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗಿನ ಮುಂದಿನ ಪಿನ್ನಿನಿಂದ ಆಕ್ಸಲ್ಲಿನ ನಡುವಿನವರೆಗೆ ಎರಡೂ ಬದಿ ಅಳೆದಾಗ ಒಂದು ಬದಿ ಇನ್ನೊಂದಕ್ಕಿಂತ 14 ಮಿಲಿಮೀಟರ್ ಹೆಚ್ಚು ಉದ್ದವಿತ್ತು. ಸೆಟ್ ಬಿಚ್ಚಿ ನೋಡಿದರೆ ಸೆಂಟರ್ ಬೋಲ್ಟ್ ಎರಡು ತುಂಡಾಗಿತ್ತು. ಆ ತುಂಡುಗಳ ಮುಖಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಎಷ್ಟು ದಿನ ಆ ಲಾರಿ ಹಾಗೆಯೇ ಹೊರೆ ಹೊತ್ತು ಓಡಿತ್ತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನೀವೂ ಈ ಅಳತೆಯನ್ನು ತೆಗೆಯಿರಿ. ಎರಡು ಬದಿಗಳ ವ್ಯತ್ಯಾಸ 3 ಮಿಲಿಮೀಟರನ್ನು ಮೀರಿದರೆ ಆಕ್ಸಲ್ ಓರೆಯಾಗಿದೆ ಎಂದೇ ಎಣಿಸಿ.

ನಿಮ್ಮ ಲಾರಿಗೆ ನನ್ನ ಸಲಹೆ ಎಂದರೆ, ಎರಡೂ ಬದಿಗೆ ತಯಾರಕರು ಸೂಚಿಸಿದ ಅಳತೆಯ ಪೂರ್ತಿ ಹೊಸ ಸೆಟ್ ಹಾಕಿಸಿ. ಸೋತು ತಗ್ಗಿದ ಹಳೆಯ ಪ್ಲೇಟುಗಳ ನಡುವೆ ಒಂದೇ ಒಂದು ಹೊಸ ಪ್ಲೇಟ್ ಇಟ್ಟರೆ ಅದು ತನ್ನ ಪಾಲಿಗಿಂತ ಹೆಚ್ಚು ಹೊರೆ ಹೊರುತ್ತದೆ. ನಿಮ್ಮಲ್ಲಿ ಎರಡನೆಯ ಮತ್ತು ಮೂರನೆಯ ಬಾರಿ ಮುರಿಯಲು ಇದೂ ಕಾರಣವಾಗಿರಬಹುದು. ಯು-ಬೋಲ್ಟ್, ನಟ್ಟು, ಸೆಂಟರ್ ಬೋಲ್ಟ್ ಮೂರನ್ನೂ ಹೊಸದಾಗಿಯೇ ಹಾಕಬೇಕು. ಒಮ್ಮೆ ಪೂರ್ತಿ ಬಿಗಿಸಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಅದರ ಮರೆಗಳೂ (ತಿರುಪಿನ ಸುತ್ತುಗಳೂ) ಸೋತಿರುತ್ತವೆ. ಆಕ್ಸಲ್ಲಿನ ಮೇಲೆ ಸ್ಪ್ರಿಂಗ್ ಕೂರುವ ಪೀಠದಲ್ಲಿ ತುಕ್ಕು, ಬಣ್ಣ, ಮಣ್ಣು ಉಳಿಯಬಾರದು. ಅವು ಪುಡಿಯಾಗಿ ಉದುರಿದಂತೆ ಬಿಗಿತವೂ ಇಳಿಯುತ್ತದೆ. ನಾಲ್ಕು ನಟ್ಟುಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಸುತ್ತಾ ಬಂದು, ಲಾರಿಯ ಭಾರ ಸ್ಪ್ರಿಂಗಿನ ಮೇಲೆ ಕೂತ ನಂತರ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ತಯಾರಕರು ಕೊಟ್ಟ ಅಂಕಿಗೆ ತರಬೇಕು. ಹೊರೆಯೊಂದಿಗೆ 500ರಿಂದ 1000 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಲೇಬೇಕು. ಬಹಳ ಕಡೆ ಈ ಕೊನೆಯ ಕೆಲಸವೇ ಬಿಟ್ಟುಹೋಗುತ್ತದೆ.

ಇನ್ನು ಪ್ಲೇಟ್ ಸೇರಿಸುವ ಮಾತು. 10 ಪ್ಲೇಟಿನ ಸೆಟ್ಟಿಗೆ ಅದೇ ದಪ್ಪದ ಎರಡನ್ನು ಸೇರಿಸಿದರೆ ಗಡಸುತನ ಸುಮಾರು ಶೇಕಡ 20ರಷ್ಟು ಹೆಚ್ಚುತ್ತದೆ. ಆದರೆ ಗಡಸುತನ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, 12 ಮಿಲಿಮೀಟರ್ ದಪ್ಪದ ಪ್ಲೇಟಿನ ಜಾಗದಲ್ಲಿ 14 ಮಿಲಿಮೀಟರಿನದನ್ನು ಹಾಕಿದರೆ ಆ ಪ್ಲೇಟ್ ಸುಮಾರು ಶೇಕಡ 59ರಷ್ಟು ಗಡುಸಾಗುತ್ತದೆ. ಸ್ಪ್ರಿಂಗ್ ನುಂಗದ ಹೊಡೆತ, ಸ್ಪ್ರಿಂಗನ್ನು ಚಾಸಿಸ್ಸಿಗೆ ಸೇರಿಸುವ ಹ್ಯಾಂಗರ್ ಬ್ರಾಕೆಟ್ಟಿಗೂ, ಅಲ್ಲಿಂದ ಚಾಸಿಸ್ಸಿಗೂ ಹೋಗುತ್ತದೆ. ಹೊರೆಯನ್ನು ನೋಡಿ ಹಿಂದಿನ ಬ್ರೇಕಿನ ಗಾಳಿಯನ್ನು ಹದಗೊಳಿಸುವ ವಾಲ್ವ್ ನಿಮ್ಮ ಲಾರಿಯಲ್ಲಿದ್ದರೆ ಇನ್ನೊಂದು ಅಪಾಯವಿದೆ. ಆ ವಾಲ್ವಿಗೆ ಹೊರೆ ತಿಳಿಯುವುದು ಚಾಸಿಸ್ ಮತ್ತು ಆಕ್ಸಲ್ ನಡುವಿನ ಅಂತರದಿಂದ. ಸ್ಪ್ರಿಂಗ್ ಗಡುಸಾಗಿ ಚಾಸಿಸ್ ಕೆಳಗಿಳಿಯದಿದ್ದರೆ, ತುಂಬಿದ ಲಾರಿಯನ್ನೂ ಅದು ಖಾಲಿ ಎಂದೇ ತಿಳಿದು, ಬ್ರೇಕ್ ಹೆಚ್ಚು ಬೇಕಾದ ಹೊತ್ತಿನಲ್ಲಿ ಕಡಿಮೆ ಗಾಳಿಯನ್ನು ಕೊಡುತ್ತದೆ. ಪ್ಲೇಟ್ ಹೆಚ್ಚಿಸಿದ ಮಾತ್ರಕ್ಕೆ ಆಕ್ಸಲ್, ಬ್ರೇಕ್, ಟೈರುಗಳ ಸಾಮರ್ಥ್ಯವಾಗಲಿ, ದಾಖಲೆಯಲ್ಲಿರುವ ಒಟ್ಟು ತೂಕದ ಮಿತಿಯಾಗಲಿ ಹೆಚ್ಚುವುದಿಲ್ಲ.

ಪ್ರಶ್ನೆ: ತಗ್ಗಿದ ಹಳೆಯ ಪ್ಲೇಟುಗಳನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಮತ್ತೆ ಬಾಗು ಕೊಡಿಸಿದರೆ ಸಾಲದೇ?

ಉತ್ತರ: ಕೆಲವು ತಿಂಗಳ ಮಟ್ಟಿಗೆ ಸಾಕು ಎನಿಸುತ್ತದೆ, ಆಮೇಲೆ ಅದು ಮತ್ತೆ ತಗ್ಗುತ್ತದೆ. ಸ್ಪ್ರಿಂಗ್ ಉಕ್ಕನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ನಂತರ 450 ಡಿಗ್ರಿಯ ಆಸುಪಾಸಿನಲ್ಲಿ ಹದ ಮಾಡಿದಾಗ ಅದಕ್ಕೆ ಬಾಗಿ ಮರಳುವ ಗುಣ ಬಂದಿರುತ್ತದೆ. ಕಣ್ಣಂದಾಜಿನಲ್ಲಿ ಕಾಯಿಸಿ ಬಡಿದರೆ ಆ ಹದ ಕೆಡುತ್ತದೆ. ಒಂದು ಕಡೆ ಮೆತ್ತಗಾಗಿ, ಮತ್ತೊಂದು ಕಡೆ ಬಿರುಸಾಗಿ, ಎರಡೂ ಸೇರುವ ಗೆರೆಯಲ್ಲೇ ಪ್ಲೇಟ್ ಮುರಿಯುತ್ತದೆ. ಪೂರ್ತಿ ಹದವನ್ನು ಅಳತೆಯಿಟ್ಟು ಮತ್ತೆ ಮಾಡುವ ವ್ಯವಸ್ಥೆ ಇರುವ ಕಡೆ ಮಾತ್ರ ಈ ಕೆಲಸ ಮಾಡಿಸಿ. ಪ್ಲೇಟಿಗೆ ವೆಲ್ಡಿಂಗನ್ನಂತೂ ಎಂದಿಗೂ ಮಾಡಿಸಬೇಡಿ. ಪಕ್ಕದಲ್ಲಿ ವೆಲ್ಡ್ ಮಾಡುವಾಗ ಸಿಡಿದ ಒಂದು ಹನಿ ಬಿದ್ದ ಜಾಗದಿಂದಲೂ ಬಿರುಕು ಹೊರಡಬಹುದು. ಸೆಟ್ ಬಿಚ್ಚುವಾಗ ಅದನ್ನು ಗಟ್ಟಿಯಾದ ಕ್ಲ್ಯಾಂಪಿನಲ್ಲಿ ಹಿಡಿಯದೆ ಸೆಂಟರ್ ಬೋಲ್ಟ್ ಸಡಿಲಿಸಬಾರದು. ಒಳಗೆ ಅದುಮಿಟ್ಟ ಬಲ ಒಮ್ಮೆಲೇ ಬಿಡುಗಡೆಯಾದರೆ ಕೈ ಬೆರಳು ಉಳಿಯುವುದಿಲ್ಲ.

ಪ್ರಶ್ನೆ: ಹಿಂದೆ ಎರಡು ಆಕ್ಸಲ್ ಇರುವ ಲಾರಿ. ಕ್ಲಚ್ ಬಿಟ್ಟಾಗಲೂ ಬ್ರೇಕ್ ಒತ್ತಿದಾಗಲೂ ಹಿಂದೆ 'ಧಡ್' ಎಂದು ಸದ್ದು ಬರುತ್ತದೆ. ಟೈರುಗಳೂ ಬೇಗ ಸವೆಯುತ್ತಿವೆ.

ಉತ್ತರ: ಮೊದಲು ಟಾರ್ಕ್ ರಾಡಿನ ಬುಶ್ಶುಗಳನ್ನು ನೋಡಿ. ಎರಡು ಆಕ್ಸಲ್ಲುಗಳ ಈ ಜೋಡಣೆಯಲ್ಲಿ ಸ್ಪ್ರಿಂಗ್ ಹೊರೆಯನ್ನು ಹೊತ್ತರೆ, ಆಕ್ಸಲ್ ಹಿಂದೆ ಮುಂದೆ ಹೊರಳದಂತೆ ಹಿಡಿಯುವುದು ಟಾರ್ಕ್ ರಾಡ್. ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಎಂಜಿನ್ ನಿಲ್ಲಿಸಿ, ರಾಡಿನ ತುದಿಗೆ ಹಾರೆ ಹಾಕಿ ಮೀಟಿ. ರಬ್ಬರ್ ಹರಿದು ಲೋಹ ಲೋಹಕ್ಕೆ ತಾಗುವಷ್ಟು ಆಡಿದರೆ ಬುಶ್ ಮುಗಿದಿದೆ. ಬ್ರಾಕೆಟ್ಟಿನ ರಿವೆಟ್ ಅಥವಾ ಬೋಲ್ಟಿನ ತಲೆಯ ಸುತ್ತ ಕೆಂಪು ಹುಡಿಯ ಸಣ್ಣ ಗೆರೆ ಕಂಡರೆ ಅದು ಒಳಗೆ ಅಲುಗಾಡುತ್ತಿದೆ ಎಂದೇ ಅರ್ಥ. ಸಡಿಲ ರಿವೆಟನ್ನು ಮತ್ತೆ ಬಡಿಯುವ ಬದಲು ತೆಗೆದು, ತೂತನ್ನು ಸರಿಪಡಿಸಿ, 10.9 ದರ್ಜೆಯ (ಹೆಚ್ಚು ಬಲದ) ಬೋಲ್ಟನ್ನು ಆಟವಿಲ್ಲದಂತೆ ಕೂರಿಸುವುದು ಒಳ್ಳೆಯದು. ಎರಡು ಆಕ್ಸಲ್ಲುಗಳ ನಡುವೆ ಸ್ಪ್ರಿಂಗ್ ತೂಗಾಡುವ ಕೀಲಿನ ಟ್ರನಿಯನ್ ಬುಶ್ ಸವೆದಿದ್ದರೂ ಇದೇ ಸದ್ದು ಬರುತ್ತದೆ. ಇವೆಲ್ಲ ಸರಿಯಾದ ಮೇಲೆ ಎರಡು ಆಕ್ಸಲ್ಲುಗಳ ನಡುವಿನ ಅಂತರವನ್ನು ಎಡಕ್ಕೂ ಬಲಕ್ಕೂ ಅಳೆದು ಸಮ ಮಾಡಿಸಿ. ಟೈರಿನ ಸವೆತ ಅಲ್ಲಿಗೆ ನಿಲ್ಲಬೇಕು.

ಪ್ರಶ್ನೆ: ಹಳೆಯ ಲಾರಿಯ ಪ್ಲೇಟ್ ತೆಗೆಸಿ ಏರ್ ಸಸ್ಪೆನ್ಷನ್ ಹಾಕಿಸುವುದು ಯೋಗ್ಯವೇ?

ಉತ್ತರ: ಒಡೆಯುವ, ಅಲುಗಾಡಬಾರದ ಸರಕನ್ನು ಸಾಗಿಸುವವರಿಗೂ, ಬಹುಪಾಲು ಖಾಲಿಯಾಗಿ ಮರಳುವವರಿಗೂ ಅದರಿಂದ ನಿಜವಾದ ಲಾಭವಿದೆ. ತುಂಬಿದಾಗಲೂ ಖಾಲಿ ಇದ್ದಾಗಲೂ ಗಾಳಿಚೀಲದ ಒತ್ತಡ ಹೊರೆಗೆ ತಕ್ಕಂತೆ ಬದಲಾಗಿ, ಎತ್ತರ ಒಂದೇ ಸಮನಾಗಿರುತ್ತದೆ. ಕಲ್ಲು, ಮಣ್ಣು, ಮರದ ಕೆಲಸಕ್ಕಾದರೆ ಒಳ್ಳೆಯ ಪ್ಲೇಟ್ ಸೆಟ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ.

ಹಾಕಿಸುವುದಾದರೆ ಪ್ಲೇಟ್ ಒಂದೇ ಬಾರಿಗೆ ಮೂರು ಕೆಲಸ ಮಾಡುತ್ತಿತ್ತು ಎಂಬುದನ್ನು ಗಮನದಲ್ಲಿಡಿ. ಅದು ಹೊರೆಯನ್ನು ಹೊರುತ್ತಿತ್ತು, ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿಯುತ್ತಿತ್ತು, ಪ್ಲೇಟುಗಳ ನಡುವಿನ ಉಜ್ಜುವಿಕೆಯಿಂದ ಕುಲುಕಾಟವನ್ನೂ ತಗ್ಗಿಸುತ್ತಿತ್ತು. ಗಾಳಿಚೀಲ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಆದ್ದರಿಂದ ಆಕ್ಸಲ್ಲನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿಯುವ ತೋಳು, ರಾಡುಗಳೂ, ಸರಿಯಾದ ಶಾಕ್ ಅಬ್ಸಾರ್ಬರುಗಳೂ ಕಡ್ಡಾಯವಾಗಿ ಬೇಕು. ಚೀಲ ಹರಿದರೂ ಬ್ರೇಕಿನ ಟ್ಯಾಂಕ್ ಖಾಲಿಯಾಗದಂತೆ ತಡೆಯುವ ರಕ್ಷಣಾ ವಾಲ್ವ್ ಇಲ್ಲದೆ ಈ ಜೋಡಣೆಯನ್ನು ರಸ್ತೆಗೆ ಇಳಿಸಲೇಬಾರದು. ಎತ್ತರ ಬದಲಾದಾಗ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ. ಅದರ ಎರಡು ತುದಿಯ ಜಾಯಿಂಟುಗಳ ಕೋನಗಳು ಸುಮಾರು 3 ಡಿಗ್ರಿಯೊಳಗೆ ಇದ್ದು, ಅವುಗಳ ನಡುವಿನ ವ್ಯತ್ಯಾಸ 1 ಡಿಗ್ರಿಯನ್ನು ಮೀರದಂತೆ ನೋಡಿಕೊಳ್ಳಬೇಕು. ಚಾಸಿಸ್ಸಿನ ಮೇಲಿನ ಮತ್ತು ಕೆಳಗಿನ ಅಂಚುಪಟ್ಟಿಗಳಲ್ಲಿ ತೂತು ಕೊರೆಯಲು ಬಿಡಬೇಡಿ. ಕೊರೆಯುವುದಿದ್ದರೆ ತಯಾರಕರು ಹೇಳಿದಂತೆ ನಿಂತ ಬದಿಯಲ್ಲಿ ಮಾತ್ರ. ನಿಮ್ಮ ಮಾದರಿಗೆಂದೇ ಮಾಡಿದ ಕಿಟ್ ಸಿಗದಿದ್ದರೆ, ಅಥವಾ ಬ್ರಾಕೆಟ್ಟಿನ ಸುತ್ತ ಚಾಸಿಸ್ ಈಗಾಗಲೇ ಬಿರುಕು ಬಿಟ್ಟಿದ್ದರೆ, ಈ ಯೋಚನೆಯನ್ನು ಅಲ್ಲಿಗೇ ಬಿಡುವುದು ಲೇಸು.

ಪ್ರಶ್ನೆ: ಪಿನ್ನುಗಳಿಗೆ ತಪ್ಪದೆ ಗ್ರೀಸ್ ಹೊಡೆಸಿದರೂ ಬುಶ್ಶುಗಳು ಬೇಗ ಸವೆಯುವುದೇಕೆ?

ಉತ್ತರ: ಲಾರಿ ನೆಲದ ಮೇಲೆ ನಿಂತಿರುವಾಗ ಹೊರೆ ಬೀಳುವ ಬದಿಯಲ್ಲಿ ಪಿನ್ನೂ ಬುಶ್ಶೂ ಒತ್ತಿಕೊಂಡಿರುತ್ತವೆ, ಗ್ರೀಸ್ ಸುಲಭದ ದಾರಿ ಹಿಡಿದು ಹೊರೆಯಿಲ್ಲದ ಬದಿಯಿಂದ ಹೊರಬರುತ್ತದೆ, ಬೇಕಾದ ಜಾಗ ಒಣಗಿಯೇ ಇರುತ್ತದೆ. ಮುಂದಿನ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಸ್ಸನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಪಿನ್ನಿನ ಮೇಲಿನ ಭಾರ ಇಳಿದ ನಂತರ ಗ್ರೀಸ್ ಹೊಡೆಸಿ. ಬರೀ ಜಾಕಿನ ಆಧಾರದಲ್ಲಿ ಯಾರೂ ಲಾರಿಯ ಕೆಳಗೆ ಹೋಗಬಾರದು. ಮೊದಲು ಕಪ್ಪಾದ, ಮರಳು ಬೆರೆತ ಹಳೆಯ ಗ್ರೀಸ್ ಬರುತ್ತದೆ. ಪಿನ್ನಿನ ಎರಡೂ ತುದಿಯಲ್ಲಿ ಹೊಸ ಗ್ರೀಸಿನ ಬಣ್ಣ ಕಾಣುವವರೆಗೆ ಒತ್ತುತ್ತಿರಬೇಕು. ಒಂದು ತುದಿಯಲ್ಲಿ ಏನೂ ಬಾರದಿದ್ದರೆ ಗ್ರೀಸ್ ಒಳಹೋಗುವ ನಿಪ್ಪಲ್ಲನ್ನು ಬಿಚ್ಚಿ, ದಾರಿ ಶುಚಿಮಾಡಿ, ಮತ್ತೆ ಪ್ರಯತ್ನಿಸಿ. ಆಗಲೂ ಬಾರದಿದ್ದರೆ ಪಿನ್ನನ್ನೇ ಹೊರತೆಗೆದು ನೋಡಬೇಕಾಗುತ್ತದೆ.